ಓದುಗರ ಪ್ರಶ್ನೆ: ಘಾಟಿ ಹತ್ತಿ ಬಂದ ಮೀನು

ಪ್ರಶ್ನೆ: ಸಂತೆಗೆ ಹೋಗಲು ಬಿಡುವಾಗದೆ ಒಂದು ವರ್ಷದಿಂದ ಸೂಪರ್‌ಮಾರ್ಕೆಟ್‌ನಲ್ಲಿ ಐಸಿನ ಮೇಲೆ ಜೋಡಿಸಿಟ್ಟ ಮೀನನ್ನೇ ಕೊಳ್ಳುತ್ತಿದ್ದೇವೆ. ಮೊನ್ನೆ ತಂದ ಬಂಗುಡೆ ನೋಡಲು ಹೊಳೆಯುತ್ತಿತ್ತು. ಸಾರಿಗೆ ಹಾಕಿದೊಡನೆ ಪುಡಿಪುಡಿಯಾಯಿತು. ಒಳ್ಳೆಯ ಮೀನನ್ನು ಗುರುತಿಸುವುದು ಹೇಗೆ? ನಮ್ಮ ಊರಿನ ಚಳಿಯಲ್ಲಿ ಮೀನು ಬೇಗ ಕೆಡುವುದಿಲ್ಲವೆಂಬ ಮಾತು ನಿಜವೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಕೊಡಗಿನಲ್ಲಿ ಮೀನು ಕೊಳ್ಳುವವರನ್ನು ದಾರಿ ತಪ್ಪಿಸುವುದು ಈ ನಂಬಿಕೆಯೇ. ಮೀನಿಗೆ ಬೇಕಾದದ್ದು ಕರಗುತ್ತಿರುವ ಐಸಿನ ತಂಪು, ಅಂದರೆ ಸುಮಾರು 0 ಡಿಗ್ರಿ ಸೆಲ್ಸಿಯಸ್. ನಾವು ಸ್ವೆಟರ್ ಹುಡುಕುವ 15 ಡಿಗ್ರಿಯ ಚಳಿಯಲ್ಲಿ ಬ್ಯಾಕ್ಟೀರಿಯಾಗಳು ಹಾಯಾಗಿಯೇ ಬೆಳೆಯುತ್ತವೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿಯೋ, ಕಣ್ಣೂರಿನ ಕಡೆಯಿಂದ ಮಾಕುಟ್ಟದ ದಾರಿಯಾಗಿಯೋ ಬರುವ ಮೀನಿನ ವಯಸ್ಸನ್ನು ಲಾರಿಯ ಗಂಟೆಗಳಿಂದ ಮಾತ್ರ ಎಣಿಸುವಂತಿಲ್ಲ. ದೊಡ್ಡ ಟ್ರಾಲ್ ದೋಣಿಗಳು ಹಲವು ದಿನ ಕಡಲಿನಲ್ಲೇ ಇದ್ದು ದಡಕ್ಕೆ ಬರುತ್ತವೆ. ಆದ್ದರಿಂದ ಅಂಗಡಿಯಲ್ಲಿ ಮೀನು ಐಸಿನೊಳಗೆ ಹುದುಗಿದೆಯೋ, ಅಲಂಕಾರಕ್ಕೆಂದು ಅದರ ಮೇಲೆ ಮಲಗಿದೆಯೋ ಎಂಬುದನ್ನು ಮೊದಲು ನೋಡಿರಿ.

ಹೊಳಪನ್ನು ನಂಬಬೇಡಿ, ಮೇಲಿಂದ ನೀರು ಚಿಮುಕಿಸಿದರೆ ಹಳೆಯ ಮೀನೂ ಹೊಳೆಯುತ್ತದೆ. ಕಿವಿರನ್ನು ಎತ್ತಿ ತೋರಿಸಲು ಕೇಳಿರಿ. ಅದು ಕೆಂಪಾಗಿದ್ದು, ಲೋಳೆ ತಿಳಿಯಾಗಿದ್ದು, ಕಡಲ ನೀರಿನ ವಾಸನೆ ಬಂದರೆ ಒಳ್ಳೆಯದು, ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿ ಹುಳಿ ವಾಸನೆ ಬಂದರೆ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿನಿಂದ ಒತ್ತಿದ ಗುಳಿ ಕೂಡಲೇ ಏಳಬೇಕು. ಮತ್ತಿ (ಬೂತಾಯಿ), ಬಂಗುಡೆಗಳಲ್ಲಿ ನಾನು ಹೊಟ್ಟೆಯನ್ನೇ ಹೆಚ್ಚು ನಂಬುತ್ತೇನೆ: ಕರುಳಿನ ರಸಗಳು ಒಳಗಿನಿಂದ ಮಾಂಸವನ್ನು ಕರಗಿಸಲು ತೊಡಗಿದೊಡನೆ ಹೊಟ್ಟೆ ಮೆತ್ತಗಾಗಿ ಒಡೆಯುತ್ತದೆ, ಅದನ್ನು ಯಾವ ವ್ಯಾಪಾರಿಯೂ ಮರೆಮಾಡಲಾರ. ಕಿವಿರನ್ನು ಮುಟ್ಟಗೊಡದ ಅಂಗಡಿಯಲ್ಲಿ ಮೀನು ಕೊಳ್ಳದಿರುವುದೇ ಲೇಸು.

ನಿಮ್ಮ ಬಂಗುಡೆ ಪುಡಿಯಾದದ್ದಕ್ಕೆ ಹೆಚ್ಚಿನ ಸಂಭವವಿರುವ ಕಾರಣ, ಅದು ಒಮ್ಮೆ ಘನೀಕರಿಸಿ ಕರಗಿಸಿದ ಮೀನಾಗಿದ್ದಿರಬಹುದು. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಒಳಗೆ ದೊಡ್ಡ ಹರಳುಗಳು ಮೂಡಿ ಮಾಂಸದ ಎಳೆಗಳನ್ನು ಹರಿದುಬಿಡುತ್ತವೆ. ಕರಗಿದಾಗ ರಸ ಸೋರಿ ಹೋಗುತ್ತದೆ. ಹಾಗೆಂದು ಘನೀಕೃತ ಮೀನೆಲ್ಲ ಕೀಳಲ್ಲ. ಹಿಡಿದ ಬಳಿಕ ಬೇಗನೆ ಘನೀಕರಿಸಿ ಮೈನಸ್ 18 ಡಿಗ್ರಿಯಲ್ಲಿ ಕಾಪಾಡಿದ ಅಂಜಲ್ ತುಂಡು, ಐದಾರು ದಿನ ಐಸು ಕಂಡ ‘ತಾಜಾ’ ಅಂಜಲಿಗಿಂತ ನಮ್ಮಂಥ ಬೆಟ್ಟದೂರಿನಲ್ಲಿ ಎಷ್ಟೋ ಮೇಲು. ಪೊಟ್ಟಣದೊಳಗೆ ಹಿಮದ ಪುಡಿ ಕೂಡಿದ್ದರೆ, ಬಿಡಿಬಿಡಿಯಾಗಿರಬೇಕಾದ ಸಿಗಡಿ ಒಂದೇ ಗಡ್ಡೆಯಾಗಿದ್ದರೆ, ನಡುವೆ ಎಲ್ಲೋ ಕರೆಂಟು ಹೋಗಿ ಕರಗಿ ಮತ್ತೆ ಹೆಪ್ಪುಗಟ್ಟಿದೆಯೆಂದು ಶಂಕಿಸಬೇಕು. ಮಳೆಗಾಲದ ಕೊಡಗಿನಲ್ಲಿ ಈ ಶಂಕೆ ಅತಿಯಾದದ್ದೇನಲ್ಲ.

ಇನ್ನೊಂದು ಮಾತು. ತುಸು ಹಳಸಿದ ಬಂಗುಡೆಯನ್ನು ಕಾಚಂಪುಳಿಯೂ (ಕೊಡಗಿನ ಕಪ್ಪು ಹುಳಿರಸ) ಕರಿಮೆಣಸೂ ಸರಿಪಡಿಸುತ್ತವೆಂದು ಕೆಲವರು ಭಾವಿಸುತ್ತಾರೆ. ಅವು ವಾಸನೆಯನ್ನು ಮುಚ್ಚಬಹುದು. ಬಂಗುಡೆ, ಮತ್ತಿ, ಕೇದರ (ಟ್ಯೂನಾ) ಮೀನುಗಳು ತಂಪಿಲ್ಲದೆ ಬಿದ್ದಿದ್ದಾಗ ಹುಟ್ಟುವ ಹಿಸ್ಟಮಿನ್ ಎಂಬ ವಸ್ತುವನ್ನು ಹುಳಿಯಾಗಲಿ, ಕುದಿಸುವುದಾಗಲಿ, ಫ್ರೀಜರ್ ಆಗಲಿ ಅಳಿಸಲಾರವು. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸಿದರೆ ಇದೇ ಕಾರಣವಿರಬಹುದು. ಕೂಡಲೇ ವೈದ್ಯರನ್ನು ಕಾಣಿರಿ.

ಪ್ರಶ್ನೆ: ನೊಣ ಕೂರದ ಮೀನಿಗೆ ಫಾರ್ಮಾಲಿನ್ ಹಾಕಿರುತ್ತಾರೆಂಬುದು ಸರಿಯೇ?
– ವಿರಾಜಪೇಟೆಯ ಗೃಹಿಣಿ

ಉತ್ತರ: ಅದೊಂದರಿಂದ ತೀರ್ಮಾನಿಸಲಾಗದು, ತಣ್ಣನೆಯ ಐಸಿನ ಮೇಲೆ ನೊಣ ಕೂರುವುದೇ ಕಡಿಮೆ. ಶವಗಳನ್ನು ಕೆಡದಂತೆ ಇಡಲು ಬಳಸುವ ರಾಸಾಯನಿಕವಾದ ಫಾರ್ಮಾಲಿನ್ ಅನ್ನು ಮೀನಿಗೆ ಹಾಕಲು ಅನುಮತಿಯಿಲ್ಲ. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಇಂಥ ಮೀನನ್ನು ವಶಪಡಿಸಿಕೊಂಡಿತು, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ಪತ್ತೆಹಚ್ಚುವ ಕಾಗದದ ಪಟ್ಟಿಗಳನ್ನು ರೂಪಿಸಿತು. ಕಣ್ಣು ಗುಳಿಬಿದ್ದು ಕಿವಿರು ಮಾಸಿದ್ದರೂ ಮಾಂಸ ರಬ್ಬರಿನಂತೆ ಬಿಗಿದು, ಮೀನಿನ ವಾಸನೆಯೇ ಇಲ್ಲದಿದ್ದರೆ ಅದನ್ನು ಕೊಳ್ಳಬೇಡಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ಎರಡು ತಿಂಗಳು ನಮ್ಮ ಅಂಗಡಿಗಳಲ್ಲಿ ರಾಶಿಬಿದ್ದ ‘ಮಂಗಳೂರಿನ ತಾಜಾ ಮೀನು’ ಕಂಡಾಗ ಎಲ್ಲಿಂದ, ಯಾವಾಗ ಬಂತೆಂದು ಎರಡು ಬಾರಿ ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.