ಕಣ್ಣಿನ ಮಾಂಸ: ಈಗಲೇ ಕೊಯ್ಯಿಸಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ 20 ವರ್ಷದಿಂದ ಕೆಲಸ. ಬಲಗಣ್ಣಲ್ಲಿ ಮೂಗಿನ ಕಡೆಯಿಂದ ಮಾಂಸ ಬೆಳೆದು ಕಪ್ಪು ಗುಡ್ಡೆಯ ಅಂಚಿಗೆ ಬಂದಿದೆ. ಬಿಸಿಲಲ್ಲಿ ಕೆಂಪಾಗಿ ಉರಿಯುತ್ತದೆ. ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿದರೆ ಎರಡು ದಿನ ಕಡಿಮೆ, ಆಮೇಲೆ ಮತ್ತೆ ಅದೇ. ಇದು ಕ್ಯಾನ್ಸರಾ, ಪೊರೆಯಾ? ಕೊಯ್ಯಿಸಿದರೂ ಮತ್ತೆ ಬರುತ್ತದಂತೆ, ಹೌದಾ?
– ಹೆಸರು ಬೇಡ

ಉತ್ತರ: ನೀವು ಬರೆದಿದ್ದು ನೋಡಿದರೆ ಇದು ಟೆರಿಜಿಯಂ ಇರಬೇಕು. ನಮ್ಮ ಕಡೆ ದುರ್ಮಾಂಸ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ. ಪೊರೆಯೂ ಅಲ್ಲ. ಪೊರೆ ಬರುವುದು ಕಣ್ಣಿನ ಒಳಗೆ, ಇದು ಮೇಲಿನ ಪದರದ ಬೆಳವಣಿಗೆ. ಆದರೂ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು. ಬೇಗ ಬೇಗ ಬೆಳೆಯುವ, ಬಿಳಿ ಹೊಪ್ಪಳೆಯಂತೆ ಕಾಣುವ ಗಂಟು ಬೇರೆಯದೇ ಇರಬಹುದು.

ಮೂಗಿನ ಕಡೆಯೇ ಯಾಕೆ ಗೊತ್ತಾ? ಕಿವಿಯ ಕಡೆಯಿಂದ ಓರೆಯಾಗಿ ಬೀಳುವ ಬಿಸಿಲು ಕಪ್ಪು ಗುಡ್ಡೆಯ ಮೇಲಿನ ಗಾಜಿನಂಥ ಪದರದಲ್ಲಿ ಬಾಗಿ ಮೂಗಿನ ಕಡೆಯ ಅಂಚಿಗೆ ಹೋಗಿ ಒಂದೇ ಕಡೆ ಸೇರುತ್ತದೆ. ನಿಮಗೆ ಮೇಲಿನ ಬಿಸಿಲು ಸಾಲದು ಅಂತ ಬಿಳಿ ಉಪ್ಪಿನಿಂದ, ನೀರಿನಿಂದ ಚಿಮ್ಮುವ ಬೆಳಕೂ ಇದೆ. ಹಾಗಾಗಿ ಎದುರು ಮಾತ್ರ ಮುಚ್ಚುವ ಕನ್ನಡಕ ಸಾಲದು. ಪಕ್ಕವನ್ನೂ ಮುಚ್ಚುವ, ಯುವಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಹಾನಿಕರ ಕಿರಣ) ತಡೆಯುವ ಕನ್ನಡಕ ಬೇಕು. ಜೊತೆಗೆ ಅಗಲ ಅಂಚಿನ ಟೋಪಿ.

ಈಗ ಆ ಡ್ರಾಪ್ಸ್. ಅದರ ಹೆಸರು ನೀವು ಬರೆದಿಲ್ಲ. ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ ಅಂದರೆ ಸ್ಟಿರಾಯ್ಡ್ ಇರಬಹುದು. ಚೀಟಿ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ ಬರಬಹುದು. ಅದರಿಂದ ಹೋದ ದೃಷ್ಟಿ ವಾಪಸ್ ಬರಲ್ಲ. ದಯವಿಟ್ಟು ಇವತ್ತೇ ನಿಲ್ಲಿಸಿ, ಬಾಟಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ನಂದಿಬಟ್ಟಲಿನ ರಸ, ಜೇನುತುಪ್ಪ ಯಾವುದೂ ಬೇಡ. ಉರಿಗೆ ಕೃತಕ ಕಣ್ಣೀರಿನ ಡ್ರಾಪ್ಸ್ ಸಾಕು. ಮಾಂಸವನ್ನು ಕರಗಿಸುವ ಡ್ರಾಪ್ಸ್ ಅಂತ ಯಾವುದೂ ಇಲ್ಲ.

ಮತ್ತೆ ಬರುತ್ತದಾ? ಈ ಪ್ರಶ್ನೆ ನನ್ನ ಮನೆಯದೂ ಹೌದು. ನನ್ನ ಅಪ್ಪ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದರು. ಅವರಿಗೆ ಮಾಂಸ ಕೊಯ್ದು ಹಾಗೇ ಬಿಟ್ಟಿದ್ದರು. ವರ್ಷದೊಳಗೆ ಮೊದಲಿಗಿಂತ ದಪ್ಪವಾಗಿ ಬಂತು. ನಾನು ಕಣ್ಣಿನ ಡಾಕ್ಟರಾಗಿದ್ದಕ್ಕೆ ಅದೂ ಒಂದು ಕಾರಣ. ಈಗ ಕೊಯ್ದ ಜಾಗಕ್ಕೆ ನಿಮ್ಮದೇ ಕಣ್ಣಿನ ಮೇಲಿನ ರೆಪ್ಪೆಯ ಅಡಿಯಿಂದ ತೆಳು ಪದರ ತೆಗೆದು ಹೊಲಿಯುತ್ತಾರೆ, ಇಲ್ಲವೇ ಅಂಟಿನಿಂದ ಕೂರಿಸುತ್ತಾರೆ. ಹೀಗೆ ಮಾಡಿದರೆ ಮತ್ತೆ ಬರುವುದು ತುಂಬಾ ಕಡಿಮೆ. "ಪದರ ಕೂರಿಸುತ್ತೀರಾ?" ಅಂತ ಮೊದಲೇ ಕೇಳಿ. ಸಂಕೋಚ ಬೇಡ.

ಆದರೆ ನಿಮ್ಮದು ಇನ್ನೂ ಅಂಚಿನಲ್ಲಿದೆ. ಪಾಪೆಯ ಕಡೆ ಸರಿಯುತ್ತಿದ್ದರೆ, ನೋಟ ಮಂಜಾದರೆ, ಉರಿ ಯಾವುದಕ್ಕೂ ಬಗ್ಗದಿದ್ದರೆ ಮಾತ್ರ ಕೊಯ್ಯಿಸಿ. ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಅಳತೆ ಮಾಡಿಸಿ. ಕಣ್ಣಿನ ಫೋಟೋ ಮೊಬೈಲಲ್ಲಿ ತೆಗೆದಿಟ್ಟುಕೊಂಡರೆ ಹೋಲಿಸಿ ನೋಡಬಹುದು.

ಕೊಯ್ಯಿಸುವುದೇ ಆದರೆ ಮಳೆಗಾಲದಲ್ಲಿ ಮಾಡಿಸಿಕೊಳ್ಳಿ. ಆಗ ಆಗರದಲ್ಲಿ ಉಪ್ಪಿನ ಕೆಲಸ ಇರಲ್ಲ ಅಲ್ವಾ? ಬಿಸಿಲು, ಧೂಳು ತಾಗದೆ ಕೆಲವು ವಾರ ಡ್ರಾಪ್ಸ್ ಹಾಕಿಕೊಂಡು ಮನೆಯಲ್ಲಿರಬಹುದು.