ಟ್ಯಾಗ್ ತೆಗೆದರೆ ಫೋಟೊ ಹೋಗುತ್ತದೆಯೇ?

ಪ್ರಶ್ನೆ: ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆ. ಹಳೇ ನೈಟಿ, ಚೊಗರು ಹಿಡಿದು ಕಪ್ಪಾದ ಕೈ. ಭಾವನ ಮಗ ಫೋಟೊ ತೆಗೆದು, ನನ್ನನ್ನು ಟ್ಯಾಗ್ ಮಾಡಿ ಫೇಸ್‌ಬುಕ್‌ಗೆ ಹಾಕಿದ. ಬೇಡ ಅನ್ನಲು ಸಂಕೋಚ.
– ಓದುಗರು, ತೀರ್ಥಹಳ್ಳಿ

ಉತ್ತರ: ಸಂಕೋಚ ಯಾಕಕ್ಕಾ? ಮುಖ ನಿಮ್ಮದು. ಫೋಟೊದ ಮೂರು ಚುಕ್ಕಿ ಒತ್ತಿ ಟ್ಯಾಗ್ ತೆಗೆಯಿರಿ. ಆದರೆ ಹೋಗುವುದು ಹೆಸರಷ್ಟೇ. ಫೋಟೊ ಅವನ ಪುಟದಲ್ಲೇ ಇರುತ್ತದೆ, ಅಳಿಸಬೇಕಾದವನು ಅವನೇ. ಮುಖ ನೋಡಿ ತಾನೇ ಹೆಸರು ಸೂಚಿಸುವುದನ್ನು ಫೇಸ್‌ಬುಕ್ 2021ರಲ್ಲಿ ನಿಲ್ಲಿಸಿತು. ಈಗ ಹೆಸರು ಅಂಟಿಸಿದ್ದು ನಿಮ್ಮ ಮನೆ ಹುಡುಗನೇ. ಸಂಜೆ ಕಾಫಿ ಕೊಡುವಾಗ ಹೇಳಿಬಿಡಿ: ‘ನನಗೆ ಬೇಜಾರಾಗಿದೆ ಮಾರಾಯ, ತೆಗಿ.’ ಸೆಟ್ಟಿಂಗ್ಸ್‌ನಲ್ಲಿ ಟ್ಯಾಗ್ ರಿವ್ಯೂಗಳನ್ನೂ ಆನ್ ಮಾಡಿಸಿಕೊಳ್ಳಿ, ಅವನ ಕೈಯಲ್ಲೇ. ಆಮೇಲೆ ನೀವು ಒಪ್ಪದೆ ಯಾವ ಟ್ಯಾಗೂ ನಿಮ್ಮ ಪ್ರೊಫೈಲ್‌ನಲ್ಲಿ ಕಾಣದು.