ಲಕ್ಸ್ ನೋಡಿದರೆ ಸಾಕಾ? ಗಿಡಕ್ಕೆ ಸಿಕ್ಕ ಬೆಳಕು ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮದು ಅಡಿಕೆ ತೋಟದ ನಡುವಿನ ಮನೆ. ಮಳೆಗಾಲದಲ್ಲಿ ಹಗಲೇ ಕತ್ತಲೆ. ತುಳಸಿ, ಮನಿಪ್ಲಾಂಟ್ ಎರಡನ್ನೂ ಒಳಗಿಟ್ಟು ಬಿಳಿ ಗ್ರೋ ಲೈಟ್ ಹಾಕಿದ್ದೇನೆ. ದಿನಕ್ಕೆ 12 ಗಂಟೆ ಉರಿಸುತ್ತೇನೆ. ಮೊಬೈಲ್ ಆ್ಯಪ್ 4,200 ಲಕ್ಸ್ ತೋರಿಸುತ್ತದೆ. ಮನಿಪ್ಲಾಂಟ್ ಚೆನ್ನಾಗಿದೆ, ತುಳಸಿ ಮಾತ್ರ ಉದ್ದುದ್ದ ಬೆಳೆದು ಬಿಳಿಚಿಕೊಂಡಿದೆ. ಯಾಕೆ?
– ಓದುಗರು, ಬದಿಯಡ್ಕ

ಉತ್ತರ: ನಿಮ್ಮ ತುಳಸಿಗೆ ಹೊಟ್ಟೆ ತುಂಬುತ್ತಿಲ್ಲ. 4,200 ದೊಡ್ಡ ಸಂಖ್ಯೆಯಂತೆ ಕಾಣುತ್ತದೆ, ಅಲ್ವಾ? ಆದರೆ ಬಯಲಿನ ನಡು ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್.

ಲಕ್ಸ್ ನಮ್ಮ ಕಣ್ಣಿನ ಲೆಕ್ಕ. ಹಸಿರು ಬೆಳಕು ಕಣ್ಣಿಗೆ ಜಾಸ್ತಿ ಕಾಣುವುದರಿಂದ ಅದಕ್ಕೆ ಅಲ್ಲಿ ಜಾಸ್ತಿ ಅಂಕ. ಗಿಡದ ಲೆಕ್ಕ ಬೇರೆ. ಎಲೆಯ ಮೇಲೆ ಬೆಳಕಿನ ಕಣಗಳು ಎಷ್ಟು ಬಿದ್ದವು ಎಂಬುದು ಅದಕ್ಕೆ ಮುಖ್ಯ. ಬಿಳಿ ಎಲ್‌ಇಡಿಯಾದರೆ ಲಕ್ಸನ್ನು 70ರಿಂದ ಭಾಗಿಸಿ, ಅಂದಾಜು ಸಿಗುತ್ತದೆ. ನಿಮ್ಮದು 60 ಮೈಕ್ರೋಮೋಲ್, ಅದೂ ಒಂದು ಚದರ ಮೀಟರಿಗೆ, ಒಂದು ಸೆಕೆಂಡಿಗೆ. ಮೋಲ್ ಅಂದರೆ ಈ ಕಣಗಳನ್ನು ಎಣಿಸುವ ಅಳತೆ, ಮೈಕ್ರೋಮೋಲ್ ಅದರ ಹತ್ತು ಲಕ್ಷದಲ್ಲಿ ಒಂದು ಪಾಲು. ನೇರಳೆ ಬಣ್ಣದ ಲೈಟಿಗೆ ಈ 70 ಹೊಂದುವುದಿಲ್ಲ. ಅದಕ್ಕೆ ಗಿಡ ಬಳಸುವ ಬೆಳಕಿನ ಕಣಗಳನ್ನೇ ಅಳೆಯುವ ಪಿಎಆರ್ ಮೀಟರೇ ಬೇಕು.

ಇಷ್ಟಕ್ಕೇ ನಿಲ್ಲಿಸಬೇಡಿ. ನಿಮ್ಮ ಕಡೆ ಎಷ್ಟೋ ಕೃಷಿಕರು ಅಂಗಳದಲ್ಲಿ ಮಳೆಮಾಪಕ ಇಟ್ಟಿರುತ್ತಾರೆ. ಮಳೆ ಎಷ್ಟು ಜೋರಾಗಿ ಹೊಡೆಯಿತು ಅಂತ ಅವರು ಬರೆದಿಡುವುದಿಲ್ಲ, ದಿನಕ್ಕೆ ಎಷ್ಟು ಬಿತ್ತು ಅಂತ ಬರೆದಿಡುತ್ತಾರೆ. ಬೆಳಕನ್ನೂ ಹಾಗೇ ಅಳೆಯಬೇಕು. 60ನ್ನು 3,600 ಸೆಕೆಂಡಿನಿಂದ, ಆಮೇಲೆ 12 ಗಂಟೆಯಿಂದ ಗುಣಿಸಿ, ಹತ್ತು ಲಕ್ಷದಿಂದ ಭಾಗಿಸಿ. ದಿನಕ್ಕೆ 2.6 ಮೋಲ್ ಬಂತು. ಮನಿಪ್ಲಾಂಟ್ ಕಾಡಿನ ನೆರಳಿನ ಬಳ್ಳಿ, ಅಷ್ಟರಲ್ಲೇ ಸುಖವಾಗಿರುತ್ತದೆ. ಬಿಸಿಲಿನ ಗಿಡ ತುಳಸಿಗೆ ಹತ್ತಾದರೂ ಬೇಕು.

ಹಾಗಾಗಿ ಲೈಟನ್ನು ತುಳಸಿಯ ಹತ್ತಿರಕ್ಕೆ ಇಳಿಸಿ. ಒಂದೇ ಬಲ್ಬಾದರೆ ದೂರ ಅರ್ಧ ಆದಾಗ ಬೆಳಕು ನಾಲ್ಕು ಪಟ್ಟಿನ ಹತ್ತಿರ ಹೋಗುತ್ತದೆ, ಉದ್ದ ಟ್ಯೂಬಾದರೆ ಅಷ್ಟು ಏರುವುದಿಲ್ಲ. ಆದ್ದರಿಂದ ಇಳಿಸಿದ ಮೇಲೆ ಮತ್ತೆ ಅಳೆಯಿರಿ. 12,600 ಲಕ್ಸ್ ಬಂದರೆ 180 ಮೈಕ್ರೋಮೋಲ್. 16 ಗಂಟೆ ಉರಿಸಿದರೆ ದಿನಕ್ಕೆ 10.4 ಮೋಲ್ ಆಯಿತು. ಎಲೆಯ ಎತ್ತರದಲ್ಲಿ ಕೈ ಹಿಡಿದು ನೋಡಿ, ಬಿಸಿ ತಾಗಿದರೆ ಸ್ವಲ್ಪ ಮೇಲಕ್ಕೆತ್ತಿ.

ಅಳೆಯುವಾಗ ಮೊಬೈಲನ್ನು ಎಲೆಯ ಮಟ್ಟದಲ್ಲಿ, ಪರದೆ ಲೈಟಿನ ಕಡೆಗೆ ಮಾಡಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಸೆನ್ಸರ್ ಮುಂದಿನ ಕ್ಯಾಮೆರಾದ ಪಕ್ಕದಲ್ಲಿರುತ್ತದೆ, ಅದಕ್ಕೆ ಬೆರಳು ಅಡ್ಡ ಬರಬಾರದು. ನಡುವೆ ಒಂದು, ಅಂಚುಗಳಲ್ಲಿ ನಾಲ್ಕು ಕಡೆ ನೋಡಿ ಸರಾಸರಿ ತೆಗೆಯಿರಿ. ಎರಡು ಫೋನು ಎರಡು ಸಂಖ್ಯೆ ತೋರಿಸುವುದುಂಟು. ಯಾವಾಗಲೂ ಒಂದೇ ಫೋನಿನಲ್ಲಿ ಅಳೆದರೆ ಹೋಲಿಕೆಯಾದರೂ ಸರಿಯಿರುತ್ತದೆ.

ಈಗಾಗಲೇ ಉದ್ದವಾದ ಕಾಂಡ ಗಿಡ್ಡವಾಗುವುದಿಲ್ಲ. ಕುಡಿ ಚಿವುಟಿಬಿಡಿ. ಹೊಸ ಚಿಗುರಿನಲ್ಲಿ ಗೆಣ್ಣುಗಳು ಹತ್ತಿರ ಹತ್ತಿರ ಬಂದರೆ ಬೆಳಕು ಸಾಕಾಗುತ್ತಿದೆ ಎಂದರ್ಥ. ಮಳೆ ಬಿಟ್ಟ ಮೇಲೆ ತುಳಸಿಯನ್ನು ಒಮ್ಮೆಲೇ ಅಂಗಳದ ಬಿಸಿಲಿಗೆ ಇಡಬೇಡಿ, ಒಂದು ವಾರ ಜಗಲಿಯಲ್ಲಿರಲಿ.